ಬೆರಳಚ್ಚುಗಾರ್ತಿ

ಮೇರಿಲ್ಯಾಂಡಿನ ಸರಕಾರಿ ಕಟ್ಟಡ, ನಾಲ್ಕನೆಯ ಮಹಡಿ,
ಕಿಟಕಿ ತೆರೆಯದ ಸಭಾಂಗಣ.
ಇಪ್ಪತ್ತೆರಡು ವರ್ಷದಿಂದ ಇದೇ ಮೂಲೆ ನನ್ನದು,
ಇದೇ ಕುಂಟು ಕುರ್ಚಿ.
ಯಾರು ಏನೇ ಅಂದರೂ ಅಚ್ಚಿಗಿಳಿಸುವುದು ಕೆಲಸ,
ಕೆಮ್ಮೊಂದು ಬಿಟ್ಟು.

ತೊಟ್ಟಿಲ ಸರಳುಗಳ ನಡುವಿನ ಅಂತರ,
ಏಣಿಯ ಕೊನೆಯ ಮೆಟ್ಟಿಲು, ಪಟಾಕಿಯ ಬತ್ತಿ,
ಕೂಸಿನ ಗಂಟಲಿಗಿಳಿಯುವ ಗುಂಡಿ ಬ್ಯಾಟರಿ:
ಎಷ್ಟೋ ನಿಯಮಗಳು ಮೊದಲು ಅತ್ತದ್ದು
ಈ ಹತ್ತು ಬೆರಳುಗಳ ಕೆಳಗೆ.
ಇವತ್ತು ಮನೆ ಷೆಡ್ಡಿನ ಗರಗಸ-ಮೇಜು.

ಕಂಪನಿಯ ಹುಡುಗ ಪರದೆಯ ಮೇಲೆ ತೋರಿಸಿದ.
ಗಿರಗಿರ ತಿರುಗುವ ಅಲಗಿಗೆ ಒಂದು ಸಾಸೇಜು ಒಡ್ಡಿ,
'ಚರ್ಮ ತಾಗಿದ್ದು ಅಲಗಿಗೇ ತಿಳಿಯುತ್ತದೆ,
ರೆಪ್ಪೆ ಬಡಿಯುವಷ್ಟರಲ್ಲಿ, ಅಲ್ಲ, ಅದಕ್ಕೂ ಮೊದಲೇ
ಮೇಜಿನ ಹೊಟ್ಟೆಯೊಳಗೆ ಇಳಿದುಬಿಡುತ್ತದೆ' ಎಂದ.
ಟಣ್ ಎಂದಿತು. ಅದನ್ನು ಬರೆಯಲಿಲ್ಲ.
ಸಾಸೇಜಿಗೆ ಉಗುರು ತಾಗಿದಷ್ಟು ಗೀರು.
ಅಧ್ಯಕ್ಷೆ ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು.
ಅದನ್ನೂ ಬರೆಯಲಿಲ್ಲ.

ಡಾಕ್ಟರ್ ಮಾರಿಸೋಲ್ ಎಚೆವೆರಿಯಾ ಅಂಕಿಅಂಶ ತಂದಿರಲಿಲ್ಲ.
'ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು ತನ್ನಿ,
ಐಸು ನೇರ ತಾಗಬಾರದು ಅನ್ನುತ್ತೇನೆ ಫೋನಿನಲ್ಲಿ.
ಕೂದಲಿಗಿಂತ ಸಣ್ಣ ದಾರ. ಒಂಬತ್ತು ಗಂಟೆ ಹೊಲಿಗೆ.
ಕೂಡಿದ ಮೇಲೂ ಕೆಲವು ಬೆರಳು
ಒಡೆಯನ ಗುರುತು ಹಿಡಿಯುವುದಿಲ್ಲ.'

ಆಮೇಲೆ ಎಮರಿ ಸ್ಟಾಲೆಕರ್.
ಪೆನ್ಸಿಲ್ವೇನಿಯಾದವನು, ರೈಲು ಬೋಗಿ ರಿಪೇರಿ ಮಾಡಿ ನಿವೃತ್ತ,
ಈಗ ಇಗರ್ಜಿಗೆ ಬೆಂಚು, ನೆರೆಯವರಿಗೆ ಹಕ್ಕಿಗೂಡು.
ಕೋಟು ಮದುವೆಯ ಕಾಲದ್ದಿರಬೇಕು.
'ನನ್ನ ಗರಗಸಕ್ಕೆ ಮುನ್ನೂರು ಕೊಟ್ಟೆ.
ನೀವು ಹೇಳುವುದಕ್ಕೆ ಎಷ್ಟಾಗುತ್ತದೆ, ಅದು ಹೇಳಿ.
ಹಸಿ ಹಲಗೆ ತಾಗಿದರೂ ಬೆಚ್ಚಿ ನಿಲ್ಲುತ್ತದಂತೆ,
ನಿಂತಾಗಲೆಲ್ಲ ಬ್ರೇಕೂ ಹೋಯಿತು, ಅಲಗೂ ಹೋಯಿತು.
ಕಾಸಿಲ್ಲದವನು ಏನು ಮಾಡುತ್ತಾನೆ?
ಯಾರದೋ ಗ್ಯಾರೇಜಿನ ಹಳೇದನ್ನು ತರುತ್ತಾನೆ,
ಮೇಲಿನ ಮುಚ್ಚಳವೂ ಇಲ್ಲದ್ದನ್ನು.
ನನ್ನ ಷೆಡ್ಡು, ನನ್ನ ಮರ, ನನ್ನ ರಕ್ತ.
ಸರಕಾರಕ್ಕೆ ಬೆರಳು ತೋರಿಸಿದರೆ
ಹಸ್ತ ನುಂಗುತ್ತದೆ ಸ್ವಾಮಿ!'

ತೋರಿಸಿಯೇ ಹೇಳಿದ,
ಅಲ್ಲಿ ಇಲ್ಲದ ಬೆರಳನ್ನು.

ಏಸಿಯ ಸದ್ದು ಕೇಳುವಷ್ಟು ಮೌನ.
'ಕ್ಷಮಿಸಿ, ನಿಮ್ಮ ಕೈ...' ಅಧ್ಯಕ್ಷೆ.
'ಅದು ನನ್ನದೇ ತಪ್ಪು.
ಊಟಕ್ಕೆ ಬಾ ಅಂತ ಕೂಗಿದರು, ತಿರುಗಿ ನೋಡಿದೆ.'
'ಯಾರು ಕೂಗಿದ್ದು?'

ಲೋಟದ ನೀರು ಕುಡಿದ. ಪೂರ್ತಿ ಕುಡಿದ.
'ಮಗಳು. ಏಳು ತುಂಬಿತ್ತು.
ಈಗ ಮೂವತ್ತಾರು. ಇವತ್ತಿಗೂ
ಯಾರನ್ನೂ ಕೂಗಿ ಕರೆಯುವುದಿಲ್ಲ ಅವಳು.
ಒಲೆ ಆರಿಸಿ, ಎದ್ದು ಬಂದು,
ಭುಜ ಮುಟ್ಟುತ್ತಾಳೆ.'
ಆಮೇಲೆ ನನ್ನ ಕಡೆ ತಿರುಗಿ:
'ಅಮ್ಮಾ, ಅದನ್ನು ಹೊಡೆದುಹಾಕಿ.'

ಹೊಡೆದುಹಾಕಲು ನನಗೆ ಅಧಿಕಾರವಿಲ್ಲ.
ಅಧ್ಯಕ್ಷೆ ಕಾಗದ ಜೋಡಿಸುತ್ತಿದ್ದರು, ಎರಡೆರಡು ಸಲ.
ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಕೀಲಿಗಳ ಮೇಲೆ ಹತ್ತೂ ಬೆರಳು ಸುಮ್ಮನೆ ಕೂತವು,
ಮೊದಲ ದಿನ ಶಾಲೆಗೆ ಬಂದವರಂತೆ.

ಬಿಡುವಿನಲ್ಲಿ ಕಾಫಿ ಯಂತ್ರದ ಮುಂದೆ ಸಿಕ್ಕಿದ.
ನಾಣ್ಯ ಎರಡು ಸಲ ಜಾರಿತು, ಮೂರನೆಯ ಸಲ ಒಳಗೆ ಬಿತ್ತು.
ಎತ್ತಿಕೊಡಲು ನಾನು ಬಾಗಲಿಲ್ಲ.
'ನಿಮ್ಮ ಯಂತ್ರದಲ್ಲಿ ಬೆರಳು ತಪ್ಪಿದರೆ ಏನಾಗುತ್ತದೆ?'
'ಒಂದು ಅಕ್ಷರ ಹೋಗುತ್ತದೆ.'
'ಅಷ್ಟೇನಾ' ಎಂದು ನಕ್ಕ,
ಹಲ್ಲಿನ ಸಂದಿಯಲ್ಲಿ ಎಲ್ಲೋ ಮರದ ಹೊಟ್ಟಿರಬೇಕು ಅನ್ನುವ ಹಾಗೆ.

ಪುಟ ನಲವತ್ತೊಂದು. ಸಾಲು ಒಂಬತ್ತು.
ಸಾಕ್ಷಿ ಕೈ ಎತ್ತಿದರು, ಎಂದಷ್ಟೇ ಇದೆ.
ಎಷ್ಟು ಎತ್ತಿದರು ಎಂದು ಕೇಳುವ ಕಲಮು
ನಮ್ಮ ನಿಯಮಾವಳಿಯಲ್ಲಿಲ್ಲ.

ಕರಡು ಇನ್ನೂ ಕರಡೇ.
ಮುಂದಿನ ವಿಚಾರಣೆಯ ದಿನಾಂಕದ ಜಾಗ
ಖಾಲಿ ಬಿಟ್ಟಿದ್ದೇನೆ.
ರಾತ್ರಿ ಅನ್ನಕ್ಕಿಟ್ಟು, ಹೊರಗೆ ಗ್ಯಾರೇಜಿನಲ್ಲಿ
ಗಂಡ ಏನೋ ಕೊಯ್ಯುವ ಸದ್ದು ಕೇಳಿ,
ಅವನ ಹೆಸರು ಬಾಯಿಯವರೆಗೆ ಬಂತು.

ಒಲೆ ಆರಿಸಿದೆ. ಚಪ್ಪಲಿ ಮೆಟ್ಟಿದೆ.