ಬೆಣ್ಣೆಯ ಪಕ್ಕದ ಪೆನ್ನು

ಪುಂತಾ ಅರೇನಸ್‌ನಲ್ಲಿ ಗಾಳಿಗೆ ರಜೆಯಿಲ್ಲ.
ಅವತ್ತೂ ಅಕ್ಕ ಎರ್ಮೆಲಿಂದಾಳ ಮನೆಯ ತಗಡು
ಹಲ್ಲು ಕಡಿಯುತ್ತಿತ್ತು.
ಅವಳು ಈರುಳ್ಳಿ ತರಲು ಹೋಗಿದ್ದಳು.
ನಾನು ಫ್ರಿಜ್ಜಿನ ಬಾಗಿಲು ತೆರೆದೆ.

ಬೆಣ್ಣೆ. ಅರ್ಧ ನಿಂಬೆ. ನಿನ್ನೆಯ ಏಡಿ ಸಾರು.
ನಡುವೆ ನೀಲಿ ಮುಚ್ಚಳದ ಆ ಪೆನ್ನು:
ಶಾಯಿಯಿಲ್ಲ, ಆದರೂ ಆರು ತಿಂಗಳಲ್ಲಿ
ಅಕ್ಕನನ್ನು ತಿದ್ದಿ ಬರೆದಿತ್ತು.

ಮಗಳ ಮದುವೆಗೆ ಹದಿನೆಂಟು ದಿನ.
ನನ್ನ ಹಸಿರು ಉಡುಪಿನ ಜಿಪ್ಪು
ಪಕ್ಕೆಲುಬಿನ ಹತ್ತಿರ ಬಂದು
ಮೊಂಡು ಕತ್ತೆಯಂತೆ ನಿಂತುಬಿಟ್ಟಿತ್ತು.
ಅಕ್ಕನ ಚಿನ್ನವನ್ನೂ ಬಿಡದ ಅಕ್ಕಸಾಲಿ ನಾನು.
ಹೊಸ ಸೂಜಿ ಹಾಕಿಕೊಂಡೆನಲ್ಲ, ಕಳ್ಳತನ ಹೇಗಾದೀತು?

ಅವಳು ಏರಿದ್ದು ಒಂದೊಂದೇ ಮೆಟ್ಟಿಲು.
ನಾಲ್ಕು ವಾರ ಚೂರೇ ಚೂರು,
ಮತ್ತೆ ನಾಲ್ಕು ವಾರ ಇನ್ನಷ್ಟು.
ಓಕರಿಕೆ ಬಂದಾಗ ಇದ್ದ ಮೆಟ್ಟಿಲಲ್ಲೇ ಕೂತು
ವೈದ್ಯೆಗೆ ಫೋನು ಮಾಡಿ, ಸುಧಾರಿಸಿಕೊಂಡು, ಮತ್ತೆ ಎದ್ದು.
ನಾನು ಏಣಿಯಿಲ್ಲದೆ ಅಟ್ಟಕ್ಕೆ ಹಾರಿದೆ.
ಅವಳ ಅಂಕಿಗೇ ತಿರುಗಿಸಿದೆ, ಟಕ್, ಟಕ್, ಟಕ್.
ಹೊಟ್ಟೆಯ ಮಡಿಕೆ ಹಿಡಿದು ಒತ್ತಿದೆ.
ಇರುವೆ ಕಚ್ಚಿದಷ್ಟೂ ಆಗಲಿಲ್ಲ.
ಇಷ್ಟೇನಾ, ಅಂದುಕೊಂಡೆ.

ಮೊದಲ ದಿನ ಹಸಿವು ಬಾಗಿಲು ತಟ್ಟಲಿಲ್ಲ.
ಹಾಡು ಗುನುಗಿದೆ.
ಎರಡನೆಯ ದಿನ ಕೊಳೆತ ಮೊಟ್ಟೆಯ ತೇಗು,
ಅನ್ನನಾಳದಲ್ಲಿ ಮೀನುದೋಣಿ ಹೊಯ್ದಾಟ.
ಮೂರನೆಯ ದಿನ ನೀರೂ ನಿಲ್ಲಲಿಲ್ಲ,
ಮೂತ್ರಕ್ಕೆ ಕಡುಚಹದ ಬಣ್ಣ,
ಎದ್ದು ನಿಂತರೆ ಗೋಡೆಯೇ ನನ್ನ ಕಡೆ ನಡೆದು ಬಂತು.
‘ಮೀನು ಹಳಸಿತ್ತೇನೋ’ ಎಂದ ಗಂಡ ಎಲಿಯೊದೊರೊ.
ಹೌದೆಂದೆ.
ಪಾಪ, ಮೀನು.

ಆಸ್ಪತ್ರೆಯಲ್ಲಿ ಮೀಸೆ ಚಿಗುರದ ಡಾಕ್ಟರು:
ಏನಾದರೂ ಔಷಧಿ ತಗೊಂಡಿರಾ?
ಇಲ್ಲ.
ಮೂಲೆಯಲ್ಲಿ ಅಕ್ಕ, ಕೋಟು ಕಳಚದೆ, ನಿಂತಿದ್ದಳು.
ಪೆನ್ನಿನಲ್ಲಿ ಎಷ್ಟು ಉಳಿದಿರಬೇಕೆಂದು
ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?
‘ಹೇಳು’ ಎಂದಳು. ಅಷ್ಟೇ.

ಹೇಳಿದೆ.
ಹುಡುಗನ ಮುಖ ಒಮ್ಮೆಲೇ ಮುದುಕನದಾಯಿತು.
ನೋವು ಬೆನ್ನಿಗೆ ಹಾಯುತ್ತದಾ? ಇಲ್ಲ.
ಸಕ್ಕರೆ ಕಾಯಿಲೆಗೆ ಮಾತ್ರೆ? ಹನ್ನೊಂದು ವರ್ಷದಿಂದ.
ಇವತ್ತು ಬೆಳಿಗ್ಗೆ? ನುಂಗಿದೆ.
ತಿಂದದ್ದು?
ತಿಂದದ್ದೇನೂ ಇಲ್ಲ.
ಬೆರಳು ಚುಚ್ಚಿದ, ಅಂಕಿ ನೋಡಿದ,
ನರ್ಸನ್ನು ಕೂಗಿದ ದನಿಯಲ್ಲೇ ನನಗೆ ಅರ್ಥವಾಯಿತು:
ಆ ಮಾತ್ರೆ, ಈ ಸೂಜಿ, ಖಾಲಿ ಹೊಟ್ಟೆ,
ಮೂರೂ ಸೇರಿ ನನ್ನ ದೀಪ ಆರಿಸಲು ಕೂತಿದ್ದವು.

ರಾತ್ರಿ, ಗ್ಲೂಕೋಸು ಹನಿಯುತ್ತಿರುವಾಗ,
ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
‘ನಿನಗೆ ಕಂಡದ್ದು ನನ್ನ ಸೊಂಟ’ ಎಂದಳು.
‘ಬಾಚಣಿಗೆ ತುಂಬ ಕೂದಲು ಕಂಡಿಲ್ಲ.
ವಾರಗಟ್ಟಲೆ ಕಲ್ಲಾದ ಹೊಟ್ಟೆ ಕಂಡಿಲ್ಲ.
ತೋಳಿನ ಮಾಂಸ ಕರಗೀತೆಂದು
ದಿನಾ ಹಿಟ್ಟಿನ ಚೀಲ ಎತ್ತಿ ಇಳಿಸುತ್ತೇನೆ,
ಬೇಡವೆನಿಸಿದರೂ ಮೊಟ್ಟೆ ತಿನ್ನುತ್ತೇನೆ, ಕೆಲಸದ ಹಾಗೆ.
ಆದರೆ ಮಂಡಿನೋವು ಹೋಯಿತು, ಅದೂ ನಿಜ.
ಬಿಡುವುದಿಲ್ಲ.’

ಪೆನ್ನು ಮಾತ್ರ ಬಿಸಾಕಬೇಕಾಯಿತು.
ಸೂಜಿ ಬದಲಿಸಿದರೂ ಒಬ್ಬರ ರಕ್ತ ಹಿಂದಕ್ಕೆ ನುಸುಳೀತಂತೆ,
ಹಲ್ಲುಜ್ಜುವ ಬ್ರಷ್ಷಿಗಿಂತ ಖಾಸಗಿ ಅದು.
ಅದರ ಬೆಲೆ ನಾನಿನ್ನೂ ತೀರಿಸಿಲ್ಲ.

ಉಡುಪಿನ ಪಕ್ಕೆಗೆ ದರ್ಜಿ ಓಫೇಲಿಯಾ
ಎರಡು ಬೆರಳು ಬಟ್ಟೆ ಸೇರಿಸಿದಳು.
ಬೇರೆಯೇ ಹಸಿರು. ಫೋಟೋಗಳಲ್ಲಿ ಕಾಣುತ್ತದೆ.

ಮುಂದಿನ ತಿಂಗಳು ಹದಿನಾಲ್ಕಕ್ಕೆ
ಅಕ್ಕನ ವೈದ್ಯೆಯ ಬಳಿ ನನಗೂ ಸಮಯ ಸಿಕ್ಕಿದೆ.
ಮಾತ್ರೆಯ ಚೀಟಿ, ರಕ್ತದ ವರದಿ,
ಕದ್ದ ಕತೆ, ಎಲ್ಲ ಒಯ್ಯುತ್ತೇನೆ.
ಕೊಡುತ್ತಾಳೋ ಇಲ್ಲವೋ.

ನಿನ್ನೆ ಎಂಪನಾಡಾದ ಹೂರಣ ಕುದಿಯುತ್ತಿತ್ತು.
ಊರಿಗೆಲ್ಲ ಉಣಿಸುವ ಅಕ್ಕನಿಗೆ ಈಗ
ತನ್ನ ನಾಲಿಗೆಯ ಮೇಲೆ ನಂಬಿಕೆಯಿಲ್ಲ.
ಸೌಟು ನನ್ನ ಬಾಯಿಗೆ ಹಿಡಿದಳು:
‘ಉಪ್ಪು ನೋಡು. ಸುಳ್ಳು ಹೇಳಬೇಡ.’