ನಲವತ್ತೊಂದನೇ ಸಾಲು

ದಾಖಲಾತಿ ಪುಸ್ತಕದ ನಲವತ್ತೊಂದನೇ ಸಾಲಿಗೆ
ನಾನೇ ಹೊಡೆದ ಕೆಂಪು ಗೆರೆ. ಸ್ಕೇಲಿಟ್ಟು, ನೇರ.
ಅಡಿಯಲ್ಲಿ ಈಗಲೂ ಓದಬಹುದು:
ಪಿ. ಎಂ. ಸಜಿನಿ, ಬಿ.ಕಾಂ. ಒಂದನೇ ವರ್ಷ,
ಲೈನ್ ಮನೆ, ಪಾಲಿಬೆಟ್ಟ ರಸ್ತೆ.
ಷರಾ: ಶುಲ್ಕ ಕಟ್ಟಿಲ್ಲ.

ಅವತ್ತು ಕಿಟಕಿಯಾಚೆ ನಿಂತು
ತುಟಿಯಲ್ಲೇ ಏನೋ ಎಣಿಸುತ್ತಿದ್ದಳು.
ಏನಮ್ಮಾ ಲೆಕ್ಕ, ಅಂದೆ.
"ಹಣ್ಣು ಕುಯ್ದರೆ ಕಿಲೋಗೆ ಐದು ರೂಪಾಯಿ ಸಾರ್.
ನಾಲ್ಕು ಸಾವಿರದ ಇನ್ನೂರ ಅರವತ್ತಕ್ಕೆ
ಎಂಟುನೂರ ಐವತ್ತೆರಡು ಕಿಲೋ."
ಅವಳು ಹೋದ ಮೇಲೆ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ, ಸರಿಯಿತ್ತು.
ಹಣ್ಣು ಬರುವುದು ಜನವರಿಗೆ.
ಕಾಲೇಜು ಕಾಯುವುದು ಜುಲೈ ಹತ್ತರವರೆಗೆ.

ವಿದ್ಯಾರ್ಥಿವೇತನ ಇರಲಿಲ್ಲ ಅಂತಲ್ಲ. ಇತ್ತು,
ದಡ ಮುಟ್ಟಿದವರಿಗೆ ದೋಣಿ ಕೊಟ್ಟ ಹಾಗೆ:
ಮೊದಲು ಕಟ್ಟು, ರಸೀದಿ ತಾ, ಆಮೇಲೆ ನೋಡೋಣ.
ಅರ್ಜಿಗೆ ಜಾತಿ ಪತ್ರ,
ಜಾತಿ ಪತ್ರಕ್ಕೆ ಅಪ್ಪನ ಶಾಲೆಯ ಟಿ.ಸಿ.
ಅಪ್ಪ ಮುತ್ತ ಶಾಲೆಯೊಳಗೆ ಕಾಲಿಟ್ಟದ್ದು ಒಮ್ಮೆ,
ಗೋಡೆಗೆ ಸುಣ್ಣ ಬಳಿಯಲು.

ನನಗೂ ಎರಡೆಕರೆ ಕಾಫಿಯಿದೆ, ಅಮ್ಮತ್ತಿಯಲ್ಲಿ.
ಹೂಮಳೆ ಬಿದ್ದ ವಾರಕ್ಕೆ ತೋಟವೆಲ್ಲ ಬಿಳಿ,
ಎಲ್ಲರೂ ಫೋಟೋ ಕಳಿಸುವವರೇ.
ಇಪ್ಪತ್ತು ದಿನದೊಳಗೆ ಬ್ಯಾಕಿಂಗ್ ಮಳೆ ಬರಲಿಲ್ಲವೋ,
ಅಷ್ಟು ಬಿಳಿಯೂ ಕಾಯಿ ಕಚ್ಚದೆ ಕರಿಯಾಗುತ್ತದೆ.
ಅದರ ಫೋಟೋ ಯಾರೂ ಕಳಿಸುವುದಿಲ್ಲ.
ಸ್ವಾಗತ ಸಮಾರಂಭದ ಗುಂಪುಚಿತ್ರ ಕಾಲೇಜಿನ ಗೋಡೆಯಲ್ಲಿದೆ.
ಸಜಿನಿ ಎಡದಿಂದ ಮೂರನೆಯವಳು.

ಈ ಜೂನಿನಲ್ಲಿ ಹೊಸ ಆದೇಶ ಬಂತು, ನಾಲ್ಕು ಪುಟ.
ಓದದೆ ಫೈಲಿಗೆ ಚುಚ್ಚಲು ಹೋದವನು
ಮೂರನೇ ಪುಟದಲ್ಲಿ ನಿಂತೆ.
ಶುಲ್ಕ ಸರ್ಕಾರವೇ ನೇರ ಕಾಲೇಜಿಗೆ ಕಟ್ಟುತ್ತದಂತೆ,
ಬಸ್ ಪಾಸು, ಪುಸ್ತಕ ಸೇರಿ.
ಅಪ್ಪನ ಟಿ.ಸಿ. ಬೇಡ, ಪಂಚಾಯಿತಿ ಪತ್ರ ಸಾಕು.
ಕೊನೆಗೆ, ಸಣ್ಣಕ್ಷರದಲ್ಲಿ:
ವ್ಯಾಸಂಗ ಅರ್ಧಕ್ಕೆ ನಿಲ್ಲಿಸಿದವರೂ ಅರ್ಹರು.
ಹದಿನೆಂಟು ವರ್ಷ ಈ ಕುರ್ಚಿಯಲ್ಲಿ ಕೂತ ಕಣ್ಣು
ಅದನ್ನು ಮೊದಲ ಸಲ 'ಅನರ್ಹರು' ಎಂದೇ ಓದಿತು.

ಶನಿವಾರ ಗೋಣಿಕೊಪ್ಪದಲ್ಲಿ ಬಸ್ಸು ಹತ್ತಿದೆ.
ಬ್ಯಾಗಲ್ಲಿ ಒಂಬತ್ತು ಅರ್ಜಿ; ನನ್ನ ಕೆಂಪು ಗೆರೆಗಳು ಎಷ್ಟೋ ಅಷ್ಟು.
"ಏನು ಬೆಳ್ಯಪ್ಪಣ್ಣ, ಎಲೆಕ್ಷನ್ನಿಗೆ ನಿಂತಿರಾ?"
ಕಂಡಕ್ಟರ್ ಮೊಯ್ದು ನಕ್ಕ.

ಕಾಡು ಕಡಿಯುವ ಕೆಲಸದಿಂದ ಬಂದಳು,
ಕತ್ತಿಯನ್ನು ಜಗಲಿಗೆ ಒರಗಿಸಿ, ಕೈ ತೊಳೆದು,
ನಾಲ್ಕೂ ಪುಟ ಓದಿದಳು. ನಿಂತೇ ಓದಿದಳು.
ಪ್ರಿನ್ಸಿಪಾಲರೂ ಓದಿರಲಿಕ್ಕಿಲ್ಲ.
"ದುಡ್ಡು ಯಾವಾಗ ಬರುತ್ತೆ ಸಾರ್?
ಜುಲೈಗಾ, ಜನವರಿಗಾ?"

ಗೊತ್ತಿಲ್ಲ, ಅಂದೆ.
ಒಳಗೆ ಯಾರೋ ಒಲೆ ಊದುವ ಸದ್ದು.
ಅರ್ಜಿಯನ್ನು ಬೋರಲು ಹಾಕಿ ನನ್ನ ಮುಂದಿಟ್ಟಳು.
"ಹಾಗಾದ್ರೆ ಇಲ್ಲಿ ಬರೀರಿ. ದುಡ್ಡು ಬರುವವರೆಗೆ
ಹೆಸರು ಹೊಡೆಯಲ್ಲ ಅಂತ. ಕೆಳಗೆ ನಿಮ್ಮ ಸಹಿ."

ನಿಯಮದಲ್ಲಿ ಇಲ್ಲದ್ದನ್ನು
ನಾನು ಬರೆದದ್ದು ಅದೇ ಮೊದಲು.
ಜೇಬಲ್ಲಿದ್ದದ್ದು
ಕೆಂಪು ಪೆನ್ನೊಂದೇ.