ಫ್ರಿಜ್ಜಿನ ಶ್ರುತಿ

ಜೂನ್ ಇಪ್ಪತ್ತೊಂದಕ್ಕೆ ಬೀಗದಕೈ ವಾಪಸು ಕೊಟ್ಟೆ,
ಹದಿನಾಲ್ಕನೇ ನಂಬರು ಕೋಣೆಯದು.
ಕಾವಲುಗಾರ ರೈವೊ ವಹಿಯಲ್ಲಿ ನನ್ನ ಹೆಸರಿನ ಮೇಲೆ ಗೀಟೆಳೆದ,
ಅಡಿಪಟ್ಟಿ ಇಟ್ಟು, ನೇರವಾಗಿ.
"ಸರಿ ಲೇಲೊ, ಇನ್ನು ನಿನ್ನ ಪಾಡು ನಿನಗೆ" ಅಂದ.
ಹೊರಗೆ ತಾರ್ತು ಪಟ್ಟಣದಲ್ಲಿ ರಾತ್ರಿ ಹತ್ತಾದರೂ ಬೆಳಕು ಆರಿರಲಿಲ್ಲ.
ಮುಗಿಯಬೇಕಾದ್ದು ಯಾವುದೂ ಮುಗಿದ ಹಾಗೆ ಕಾಣಿಸಲಿಲ್ಲ.

ಹದಿಮೂರು ವರ್ಷ ನನ್ನ ತಪ್ಪಿಗಾಗಿ ಯಾರಾದರೊಬ್ಬರು ಕಾದಿರುತ್ತಿದ್ದರು.
ಗುರುವಾರ ನಾಲ್ಕು ಹತ್ತಕ್ಕೆ ಹೆಲ್ಯು ಮೇಡಂ,
ನಾನು ಕೋಟು ಕಳಚುವ ಮೊದಲೇ "ಉಸಿರು ಎಲ್ಲಿ?" ಅನ್ನುತ್ತ.
ಈಗಲೂ ಗುರುವಾರ ಬರುತ್ತದೆ,
ನಾಲ್ಕು ಹತ್ತೂ ಆಗುತ್ತದೆ,
ಉಸಿರು ಎಲ್ಲಿದ್ದರೂ ಕೇಳುವವರಿಲ್ಲ.

ಓಬೋ ನುಡಿಸುವವರಿಗೆ ಒಳಗೊಳಗೇ ಒಂದು ಜಂಬ:
ಮೇಳ ಕೂತಾಗ ಮೊದಲ ಸ್ವರ ನಮ್ಮದು.
ಪಿಟೀಲು, ಕಹಳೆ, ಆಳೆತ್ತರದ ಬಾಸು,
ಎಂಬತ್ತು ಜನ ನಮ್ಮತ್ತ ಕಿವಿ ಚಾಚಿ
ನಾವು ಕೊಟ್ಟ ಶ್ರುತಿಗೆ ತಮ್ಮ ವಾದ್ಯದ ಕಿವಿ ಹಿಂಡುತ್ತಾರೆ.
ಬಾಡಿಗೆ ಕೋಣೆಯಲ್ಲಿ ನಿಂತು ಅದೇ ಸ್ವರ ಕೊಟ್ಟೆ.
ಫ್ರಿಜ್ಜು ಮಾತ್ರ ಕೇಳಿಸಿಕೊಂಡಿತು.
ಕೂದಲೆಳೆಯಷ್ಟು ಕೆಳಗೆ ಗುಂಯ್‌ಗುಡುತ್ತ,
ಬಗ್ಗಲಿಲ್ಲ.

ಜುಲೈಯಲ್ಲಿ ಬಣ್ಣಬಣ್ಣದ ಪೆನ್ನು ತಂದು ವೇಳಾಪಟ್ಟಿ ಬರೆದೆ:
ಆರಕ್ಕೆ ದೀರ್ಘಸ್ವರ, ಏಳಕ್ಕೆ ರೀಡು ಹೆರೆಯುವುದು,
ಎಂಟಕ್ಕೆ ಹೊಸದೇನಾದರೂ, ಹಸಿರಿನಲ್ಲಿ, ಅಡಿಗೆರೆ ಎಳೆದು.
ಬರೆದ ಆಯಾಸಕ್ಕೇ ಮಲಗಿದೆ.
ಪಾರ್ಸೆಲ್ ಗೋದಾಮಿನ ರಾತ್ರಿಪಾಳಿ ಮುಗಿಸಿ ಬಂದವಳಿಗೆ
ಆರು ಗಂಟೆ ಅಂದರೆ ಬೆಳಗೋ ಸಂಜೆಯೋ?
ಗೋಡೆಯ ಮೇಲೆ ಹಸಿರು ನಿಧಾನಕ್ಕೆ ಬಿಳಿಚಿಕೊಂಡಿತು.

ಅಭ್ಯಾಸ ಕೊನೆಗೆ ಕಲಿಸಿದ್ದು ಒಂದು ಮುದಿ ನಾಯಿ.

ಕೆಳಮನೆಯ ಉರ್ವೆ, ಡೈರಿಯಲ್ಲಿ ಮೂವತ್ತು ವರ್ಷ ಚೀಸು ಮೂಸಿ ನೋಡಿದವಳು,
ಮೆಟ್ಟಿಲ ಮೇಲೆ ತಡೆದು ಕರಾರು ಮಾಡಿದಳು:
"ಐದೂ ಇಪ್ಪತ್ತಕ್ಕೆ ಪೊಂಟುವನ್ನು ಹೊಳೆದಂಡೆಗೆ ಒಯ್ಯುತ್ತೇನೆ.
ಅಷ್ಟರಲ್ಲಿ ಊದಿಕೋ. ನಾವು ಬಂದಮೇಲೆ ಉಸಿರೆತ್ತಬೇಡ."
ಹಾಗೆ ನನ್ನ ಸಂಗೀತದ ಉದ್ದ
ನಾಯಿಯ ಹಿಂಗಾಲಿನ ಕೈಗೆ ಹೋಯಿತು.
ಆಗಸ್ಟಿನಲ್ಲಿ ಇಪ್ಪತ್ತೈದು ನಿಮಿಷ,
ಎಲೆ ಉದುರುವಾಗ ಹದಿನೆಂಟು,
ನೆಲ ಹೆಪ್ಪುಗಟ್ಟಿದ ಮೇಲೆ ಏಳು.

ಏಳು ನಿಮಿಷದಲ್ಲಿ ಸ್ಕೇಲು ಹತ್ತಿಳಿಯಲು ಪುರುಸೊತ್ತಿಲ್ಲ.
ನೇರ ಗಂಟಲಿಗೆ ಬಂದದ್ದನ್ನು ಊದಬೇಕು,
ಊದಿದ್ದನ್ನು ಹರಿದ ಪಾರ್ಸೆಲ್ ಚೀಟಿಯ ಬೆನ್ನಿಗೆ ಗೀಚಬೇಕು,
ಮೆಟ್ಟಿಲಲ್ಲಿ ಉಗುರಿನ ಸದ್ದಾಗುವ ಮೊದಲು.
ಒಂದು ದಿನ ಮೂರೇ ಸ್ವರ. ಒಂದು ದಿನ ಬರೀ ತೇವದ ಕಿರುಗುಟ್ಟು.
ಅದನ್ನೂ ಬರೆದೆ.
ಚೀಟಿಗಳು ಸೌತೆ ಉಪ್ಪಿನಕಾಯಿಯ ಖಾಲಿ ಭರಣಿಯಲ್ಲಿ
ಸಬ್ಬಸಿಗೆ ವಾಸನೆ ಹಿಡಿದು
ಕುತ್ತಿಗೆವರೆಗೆ ಬಂದವು.

ಫೆಬ್ರವರಿಯಲ್ಲಿ ಪೊಂಟು ಏಳಲಿಲ್ಲ.
ಎರಡು ದಿನ ಪೆಟ್ಟಿಗೆ ತೆರೆಯಲು ಮನಸ್ಸಾಗಲಿಲ್ಲ, ಹಕ್ಕೂ ಇರಲಿಲ್ಲ.
ಮೂರನೆಯ ಸಂಜೆ ಐದೂ ಇಪ್ಪತ್ತಕ್ಕೆ
ಕೆಳಗೆ ಬಾಗಿಲು ಕಿರ್ರೆಂದಿತು.
ಕಿಟಕಿಯಿಂದ ನೋಡಿದೆ: ಉರ್ವೆ, ಬೂಟು, ಉಣ್ಣೆಯ ಟೊಪ್ಪಿ,
ಬಲಗೈ ಮಾತ್ರ ಹಗ್ಗ ಹಿಡಿದಂತೆ ಸ್ವಲ್ಪ ಮುಂದಕ್ಕೆ.
ಮೂಲೆಯ ದೀಪದ ಕಂಬದ ಬಳಿ ನಿಂತಳು,
ಮೊದಲೆಲ್ಲ ನಿಲ್ಲುತ್ತಿದ್ದಷ್ಟೇ ಹೊತ್ತು,
ಆಮೇಲೆ ಹೊಳೆಯ ಕಡೆ.

ರೀಡು ನಾಲಿಗೆಗಿಟ್ಟುಕೊಂಡೆ.

ಏಳು ನಿಮಿಷ ಕಳೆಯಿತು. ಹದಿನೆಂಟು ಕಳೆಯಿತು. ಅವಳು ಬರಲಿಲ್ಲ.
ಭರಣಿಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ
ಒಂದರ ಬಾಲಕ್ಕೆ ಒಂದು ಕಟ್ಟುತ್ತ ಹೋದೆ,
ಎಲ್ಲೆಲ್ಲೋ ಗಂಟು ಬಿಚ್ಚಿತು, ಮತ್ತೆ ಕಟ್ಟಿದೆ.
ನಡುವೆ ಉಸಿರಿಗೆಂದು ನಿಂತಾಗ ಫ್ರಿಜ್ಜು ಗುಂಯ್ ಅನ್ನುತ್ತಲೇ ಇತ್ತು,
ಅದೇ ಹಟ, ಅದೇ ಕೂದಲೆಳೆ.

ಸರಿ, ನೀನೇ ಕೊಡು, ಅಂದೆ.
ತುಟಿ ಸಡಿಲಿಸಿ, ಅಷ್ಟು ಕೆಳಗಿಳಿದು
ಶುರುಮಾಡಿದೆ.